ಪದಚರ್ಚೆ: ಹೀಟ್, ಟೆಂಪರೇಚರ್ ಎರಡಕ್ಕೂ ‘ಬಿಸಿ’ ಸಾಕಾ?

ಗೆಳೆಯರೇ, ನಮಸ್ಕಾರ.

ಹಳೇ ಡೆಸ್ಕ್‌ಟಾಪ್‌ಗೆ ಇನ್ನೊಂದಿಷ್ಟು ಜೋರಾದ ಪ್ರೊಸೆಸರ್ ಹಾಕಿಕೊಳ್ಳಬೇಕು ಅನ್ನುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ನೋಡಿಕೊಳ್ಳುವುದು, ಬಯಾಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡುವುದು, ಇದೆಲ್ಲ ಸಲೀಸಾಗಿ ಬರೆದಾಯಿತು. ಬಿಸಿಯ ವಿಷಯ ಬಂದ ಕೂಡಲೇ ಪದಗಳು ಕೈಕೊಡುತ್ತಿವೆ. ನಿಮ್ಮ ನೆರವು ಬೇಕು.

ತೊಂದರೆ ಎಲ್ಲಿದೆ ಅಂತ ಒಂದು ನಿಜವಾದ ಉದಾಹರಣೆಯಲ್ಲೇ ಹೇಳುತ್ತೇನೆ. ಎಲ್‌ಜಿಎ 1155 ಸಾಕೆಟ್‌ನ ಬೋರ್ಡ್‌ಗಳು ಇನ್ನೂ ಎಷ್ಟೋ ಮನೆ, ಕಚೇರಿಗಳಲ್ಲಿ ಓಡುತ್ತಿವೆ. ಅದರಲ್ಲಿ 2011ರ ಇಂಟೆಲ್ ಕೋರ್ ಐ3 2100 ಇದೆ ಅಂದುಕೊಳ್ಳಿ. ಅದು 65 ವ್ಯಾಟ್‌ನದು. ಅದನ್ನು ತೆಗೆದು ಅದೇ ವರ್ಷದ ಐ7 2600 ಹಾಕಬಹುದು, ಅದು 95 ವ್ಯಾಟ್. ಬೋರ್ಡ್‌ಗೆ ಬಯಾಸ್ ಅಪ್‌ಡೇಟ್ ಸಿಕ್ಕಿದರೆ 2012ರ ಐ7 3770 ಕೂಡ ಹಾಕಬಹುದು, ಅದು 77 ವ್ಯಾಟ್. ಈಗ ಒಬ್ಬರು ‘2600 ಹೀಟ್ ಜಾಸ್ತಿ’ ಅನ್ನುತ್ತಾರೆ. ಇನ್ನೊಬ್ಬರು ‘ಇಲ್ಲ, 3770 ಹೀಟ್ ಜಾಸ್ತಿ’ ಅನ್ನುತ್ತಾರೆ. ಇಬ್ಬರ ಮಾತೂ ಸರಿ!

ಮೊದಲನೆಯವರು ಹೇಳುತ್ತಿರುವುದು ಪ್ರೊಸೆಸರ್ ಪ್ರತಿ ಕ್ಷಣ ಎಷ್ಟು ಹೀಟ್ ಹೊರಹಾಕುತ್ತದೆ ಅನ್ನುವುದನ್ನು. ಅದರ ಲೆಕ್ಕ ವ್ಯಾಟ್‌ನಲ್ಲಿ. ಎರಡನೆಯವರು ನೋಡುತ್ತಿರುವುದು ಸ್ಕ್ರೀನಿನ ಮೇಲೆ ಕಾಣುವ ಡಿಗ್ರಿಯನ್ನು. 2600ರ ಮುಚ್ಚಳದ ಒಳಗಿರುವ ಚಿಪ್ 216 ಚದರ ಮಿಲಿಮೀಟರ್ ಇದೆ, 3770ರದು 160 ಮಾತ್ರ. ಒಟ್ಟು ಹೀಟ್ ಕಡಿಮೆಯಾದರೂ ಅದು ಚಿಕ್ಕ ಜಾಗದಲ್ಲಿ ಹುಟ್ಟುತ್ತದೆ. ಭಾಗಿಸಿ ನೋಡಿದರೆ 2600ರಲ್ಲಿ ಚದರ ಮಿಲಿಮೀಟರಿಗೆ 0.44 ವ್ಯಾಟ್, 3770ರಲ್ಲಿ 0.48. ಅದರ ಮೇಲೆ 2600ರಲ್ಲಿ ಚಿಪ್ಪಿಗೂ ಲೋಹದ ಮುಚ್ಚಳಕ್ಕೂ ನಡುವೆ ಬೆಸುಗೆ ಇದೆ, 3770ರಲ್ಲಿ ಆ ಜಾಗಕ್ಕೆ ಪೇಸ್ಟ್ ಬಂತು. ಪೇಸ್ಟ್ ಬೆಸುಗೆಯಷ್ಟು ಚೆನ್ನಾಗಿ ಹೀಟನ್ನು ದಾಟಿಸುವುದಿಲ್ಲ. ಓವರ್‌ಕ್ಲಾಕ್ ಮಾಡುವವರು (ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುವವರು) ಅದಕ್ಕೆ ಅನುವಾದ 3770ಕೆ ಬಂದಾಗ ‘ಡಿಗ್ರಿ ಜಾಸ್ತಿ ಏರುತ್ತಿದೆ’ ಅಂತ ದೂರಿದ್ದು ಇದಕ್ಕೇ.

ಕೈಪಿಡಿ ಓದುವವರಿಗೆ ಈ ಎರಡರ ವ್ಯತ್ಯಾಸ ಗೊತ್ತಾಗಲೇಬೇಕು. ಪ್ರೊಸೆಸರಿನ ಮೇಲೆ ಕೂರಿಸುವ ಕೂಲರ್ ಯಾವುದು ಕೊಳ್ಳಬೇಕು ಅನ್ನುವುದು ವ್ಯಾಟ್ ನೋಡಿ ತೀರ್ಮಾನವಾಗುವ ಮಾತು. ಆ ಕೂಲರ್ ಸರಿಯಾಗಿ ಕೂತಿದೆಯಾ ಅನ್ನುವುದು ಡಿಗ್ರಿ ನೋಡಿ. ‘ಬಿಸಿ ಜಾಸ್ತಿ’ ಅಂತ ಬರೆದರೆ ಎರಡೂ ಒಂದೇ ಆಗಿಬಿಡುತ್ತದೆ.

ಶಾಲೆಯ ಪುಸ್ತಕಗಳ ಪದಗಳು ಇವೆಯಲ್ಲ ಅಂತ ನೀವು ಕೇಳಬಹುದು. ಹೀಟ್‌ಗೆ ಉಷ್ಣ, ಶಾಖ. ಟೆಂಪರೇಚರ್‌ಗೆ ತಾಪ, ತಾಪಮಾನ, ಉಷ್ಣತೆ. ಪತ್ರಿಕೆಗಳ ಹವಾಮಾನ ಸುದ್ದಿಯಲ್ಲಿ ಉಷ್ಣಾಂಶ. ನನ್ನ ತಕರಾರು ಇಷ್ಟೇ: ಉಷ್ಣ, ಉಷ್ಣತೆ, ಉಷ್ಣಾಂಶ ಮೂರೂ ಒಂದೇ ಬುಡದವು. ಒಂದು ಹೀಟ್, ಇನ್ನೆರಡು ಟೆಂಪರೇಚರ್ ಅಂತ ಓದುಗ ನೆನಪಿಟ್ಟುಕೊಳ್ಳಬೇಕು. ಸಾಲದ್ದಕ್ಕೆ ಮನೆಮಾತಿನಲ್ಲಿ ‘ಉಷ್ಣ’ಕ್ಕೆ ಬೇರೆಯದೇ ಬದುಕಿದೆ. ಮಾವಿನಹಣ್ಣು ಉಷ್ಣ, ಮೈಗೆ ಉಷ್ಣ ಆಗಿದೆ, ಮಜ್ಜಿಗೆ ಕುಡಿ ಅನ್ನುತ್ತೇವೆ. ಅಲ್ಲಿ ಥರ್ಮಾಮೀಟರಿನ ಮಾತೇ ಇಲ್ಲ. ‘ಶಾಖ’ಕ್ಕೆ ಈ ತೊಡಕಿಲ್ಲ. ಆದರೆ ಊದಿಕೊಂಡ ಕಾಲಿಗೆ ಶಾಖ ಕೊಡುವುದನ್ನು ಬಿಟ್ಟರೆ ಮಾತಿನಲ್ಲಿ ಅದನ್ನು ಕೇಳುವುದು ಕಡಿಮೆ.

ನನಗೆ ಹಿಡಿಸಿರುವ ಪದ ‘ಕಾವು’. ಒಲೆಯ ಕಾವು, ಜ್ವರದ ಕಾವು, ಮೊಟ್ಟೆಗೆ ಕಾವು ಕೊಡುವ ಕೋಳಿ. ಹೆಂಚು ಕಾದಿದೆ, ನೀರು ಕಾಯಿಸು ಅನ್ನುವ ಕ್ರಿಯಾಪದಗಳೂ ಜೊತೆಗೇ ಸಿಗುತ್ತವೆ. ಟೆಂಪರೇಚರ್‌ಗೆ ಎಲ್ಲರಿಗೂ ಗೊತ್ತಿರುವ ‘ತಾಪಮಾನ’ವನ್ನೇ ಉಳಿಸಿಕೊಂಡರೆ ವಾಕ್ಯ ಹೀಗಾಗುತ್ತದೆ: ‘2600 ಹೊರಹಾಕುವ ಕಾವು ಜಾಸ್ತಿ, 3770ರ ತಾಪಮಾನ ಜಾಸ್ತಿ.’ ಕೇಳಲು ಚೆನ್ನಾಗಿದೆ ಅಲ್ವಾ?

ಆದರೆ ಒಂದು ಅನುಮಾನ ಉಳಿದಿದೆ. ‘ಒಲೆಗೆ ಕಾವು ಸಾಲದು’ ಅಂದಾಗ ಕಾವು ಅಳೆದು ಹಾಕುವ ವಸ್ತುವಿನ ಹಾಗೆ ಕೇಳಿಸುತ್ತದೆ, ನನಗೆ ಬೇಕಾದ್ದೂ ಅದೇ. ‘ಕಾವು ಏರಿತು, ಇಳಿಯಿತು’ ಅಂದಾಗ ಅದು ತಾಪಮಾನದ ಕಡೆಗೆ ವಾಲುತ್ತದೆ. ಚುನಾವಣೆಯ ಕಾವು ಏರುವುದೂ ಹೀಗೆಯೇ. ನಿಮ್ಮ ಕಡೆ ಮಾತಿನಲ್ಲಿ ಯಾವುದು ಬಲವಾಗಿದೆ? ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ದಯವಿಟ್ಟು ಒಂದೆರಡು ವಾಕ್ಯ ಬರೆದು ತಿಳಿಸಿ. ನಿಘಂಟಿನ ಅರ್ಥಕ್ಕಿಂತ ಮನೆಯಲ್ಲಿ ಆಡುವ ವಾಕ್ಯ ನನಗೆ ಮುಖ್ಯ.

ಇನ್ನು ಕೂಲರ್. ‘ತಂಪುಕಾರಕ’ ಅಂತ ಬರೆಯಲು ಮನಸ್ಸಿಲ್ಲ. ಅದು ತಂಪನ್ನು ಹುಟ್ಟಿಸುವುದಿಲ್ಲ. ಪ್ರೊಸೆಸರಿನ ಕಾವನ್ನು ಲೋಹದ ರೆಕ್ಕೆಗಳಿಗೆ ದಾಟಿಸಿ, ಅಲ್ಲಿಂದ ಫ್ಯಾನಿನ ಗಾಳಿಗೆ ಒಪ್ಪಿಸುತ್ತದೆ, ಅಷ್ಟೇ. ಕೋಣೆಯ ಗಾಳಿಗಿಂತ ತಣ್ಣಗೆ ಮಾಡುವ ಶಕ್ತಿ ಅದಕ್ಕಿಲ್ಲ. ಮೈಸೂರಿನ ಡಿಸೆಂಬರಿನಲ್ಲಿ ಕೋಣೆ 25 ಡಿಗ್ರಿ ಇದ್ದಾಗ 65 ತೋರಿಸುವ ಪ್ರೊಸೆಸರ್, ರಾಯಚೂರಿನ ಮೇ ತಿಂಗಳಲ್ಲಿ ಕೋಣೆ 40 ಇದ್ದಾಗ ಅದೇ ಕೆಲಸಕ್ಕೆ 80ರ ಹತ್ತಿರ ತೋರಿಸುತ್ತದೆ. ಕೂಲರಿನ ಆ ರೆಕ್ಕೆಗಳಿರುವ ಲೋಹದ ಭಾಗಕ್ಕೆ, ಅಂದರೆ ಹೀಟ್‌ಸಿಂಕ್‌ಗೆ, ‘ಶಾಖಹೀರುಕ’ ಅನ್ನುವುದೂ ನನಗೆ ಒಪ್ಪಿಗೆಯಿಲ್ಲ. ಹೀರಿ ಒಳಗೇ ಇಟ್ಟುಕೊಳ್ಳುತ್ತದೆ ಅನ್ನುವ ಭಾವನೆ ಬರುತ್ತದೆ. ಹಾಗಾಗಿ ಹೀಟ್‌ಸಿಂಕ್, ಕೂಲರ್, ಫ್ಯಾನ್ ಹಾಗೇ ಇರಲಿ, ಕೆಲಸವನ್ನು ಮಾತ್ರ ‘ಕಾವು ಸಾಗಿಸು’ ಅಂತ ಹೇಳೋಣ ಅಂದುಕೊಂಡಿದ್ದೇನೆ. ಆಗ ‘65 ವ್ಯಾಟ್‌ನ ಪ್ರೊಸೆಸರ್ ಜೊತೆ ಬಂದ ಗಿಡ್ಡ ಅಲ್ಯುಮಿನಿಯಂ ಹೀಟ್‌ಸಿಂಕ್ 95 ವ್ಯಾಟ್‌ನಷ್ಟು ಕಾವನ್ನು ಸಾಗಿಸಲು ಒದ್ದಾಡುತ್ತದೆ’ ಅಂತ ನೇರವಾಗಿ ಬರೆಯಬಹುದು. ನಡುವೆ ತಾಮ್ರದ ತಿರುಳಿರುವ ಎತ್ತರದ ಹೀಟ್‌ಸಿಂಕ್ ಯಾಕೆ ಮೇಲು ಅನ್ನುವುದಕ್ಕೂ ಇದೇ ಮಾತು ಹೊಂದುತ್ತದೆ. ತಾಮ್ರ ಅಲ್ಯುಮಿನಿಯಂಗಿಂತ ಒಂದೂವರೆ ಪಟ್ಟಿಗಿಂತಲೂ ಜಾಸ್ತಿ ಕಾವು ದಾಟಿಸುತ್ತದೆ.

ಪ್ರೊಸೆಸರಿನ ಮುಚ್ಚಳಕ್ಕೂ ಹೀಟ್‌ಸಿಂಕ್‌ಗೂ ನಡುವೆ ನಾವು ಹಾಕುವ ಪೇಸ್ಟ್ ವಿಷಯದಲ್ಲಿ ನಾಮಪದಕ್ಕಿಂತ ಕ್ರಿಯಾಪದ ಮುಖ್ಯ. ಅಂಗಡಿಗಳಲ್ಲಿ ‘ಪೇಸ್ಟ್ ಹಾಕು’, ‘ಪೇಸ್ಟ್ ಹಚ್ಚು’ ಅನ್ನುತ್ತಾರೆ. ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅಂತ ಎಷ್ಟೋ ಜನ ನಂಬಿದ್ದಾರೆ. ನಿಜ ಏನೆಂದರೆ, ಎರಡು ಲೋಹಗಳು ನುಣ್ಣಗೆ ಕಂಡರೂ ಅವುಗಳ ನಡುವೆ ಕಣ್ಣಿಗೆ ಕಾಣದ ತಗ್ಗುಗಳಿರುತ್ತವೆ. ಅಲ್ಲಿ ಗಾಳಿ ನಿಂತರೆ ಕಾವು ಸರಿಯಾಗಿ ದಾಟುವುದಿಲ್ಲ. ಆ ತಗ್ಗು ತುಂಬಲಿಕ್ಕಷ್ಟೇ ಪೇಸ್ಟ್. ತಾಮ್ರದ ಮುಂದೆ ಅದು ತೀರಾ ಬಡ ವಾಹಕ, ದಪ್ಪ ಪದರವಾದರೆ ಅದೇ ಅಡ್ಡಿ. ಗೋಡೆಗೆ ಮಣ್ಣು ಮೆತ್ತುತ್ತೇವೆ, ಸುಣ್ಣ ಬಳಿಯುತ್ತೇವೆ, ತಲೆಗೆ ಎಣ್ಣೆ ಸವರುತ್ತೇವೆ. ಇಲ್ಲಿ ಬೇಕಾದ್ದು ‘ಸವರು’. ಎಷ್ಟು ಅನ್ನುವುದು ಆ ಪದದಲ್ಲೇ ಇದೆ. ಹಳೇ ಪೇಸ್ಟ್ ಒಣಗಿ ಹಕ್ಕಳೆ ಕಟ್ಟಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಆಮೇಲೆ ಹೊಸದನ್ನು ಸವರಬೇಕು.

ಇಂಟೆಲ್ ಕೂಲರಿನ ನಾಲ್ಕು ಪ್ಲಾಸ್ಟಿಕ್ ಪುಶ್ ಪಿನ್‌ಗಳಿಗೆ ‘ಕಾಲು’ ಅನ್ನುವುದು ಸಾಕು ಅನ್ನಿಸುತ್ತದೆ. ಮೂಲೆಯಿಂದ ಎದುರು ಮೂಲೆಗೆ ಒತ್ತಿ, ಬೋರ್ಡಿನ ಹಿಂದೆ ನಾಲ್ಕು ಕಾಲೂ ಪೂರ್ತಿ ಹೊರಬಂದಿವೆಯಾ ಅಂತ ನೋಡಬೇಕು. ಒಂದು ಕಾಲು ಅರ್ಧಕ್ಕೇ ನಿಂತರೂ ಹೀಟ್‌ಸಿಂಕ್ ಆ ಕಡೆ ಎದ್ದಿರುತ್ತದೆ, ಆನ್ ಮಾಡಿದ ಕೂಡಲೇ ತಾಪಮಾನ ಸರ್ರನೆ ಏರುತ್ತದೆ. ಇದಕ್ಕೆ ಬೇರೆ ಪದ ಗೊತ್ತಿದ್ದರೆ ಹೇಳಿ.

ಕೊನೆಯದು ನನಗೆ ತೀರಾ ಕಷ್ಟವಾಗಿರುವುದು: ಥ್ರಾಟ್ಲಿಂಗ್. ತಾಪಮಾನ 100 ಡಿಗ್ರಿಯ ಆಸುಪಾಸಿನ ಮಿತಿ ಮುಟ್ಟಿದಾಗ ಈ ಪ್ರೊಸೆಸರ್‌ಗಳು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಹೊಸ ಪ್ರೊಸೆಸರ್ ಹಾಕಿದರೂ ಕಂಪ್ಯೂಟರ್ ನಿರೀಕ್ಷಿಸಿದಷ್ಟು ಜೋರಾಗಿಲ್ಲ ಅಂದರೆ ಇದೂ ಒಂದು ಕಾರಣ ಇರಬಹುದು. ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳೋಣ ಅಂದರೆ, ಬೈಕ್ ಓಡಿಸುವವರಿಗೆ ‘ಥ್ರಾಟಲ್ ಕೊಡು’ ಅಂದರೆ ವೇಗ ಹೆಚ್ಚಿಸು ಅಂತ. ಅರ್ಥ ಪೂರ್ತಿ ತಿರುಗುಮುರುಗು! ಸದ್ಯಕ್ಕೆ ‘ಕಾವು ತಾಳದೆ ಪ್ರೊಸೆಸರ್ ನಿಧಾನಿಸುತ್ತದೆ’ ಅಂತ ಬರೆದಿದ್ದೇನೆ. ವಾಕ್ಯದಲ್ಲಿ ಇದು ಚೆನ್ನಾಗಿ ಕೂರುತ್ತದೆ. ಆದರೆ ಅಧ್ಯಾಯದ ತಲೆಬರಹಕ್ಕೆ, ಪದಪಟ್ಟಿಗೆ ಒಂದು ನಾಮಪದ ಬೇಕು. ‘ನಿಧಾನಿಕೆ’ ಅಂದರೆ ಓದುಗರಿಗೆ ಹಿಡಿಸುತ್ತದಾ, ಅಥವಾ ‘ವೇಗತಗ್ಗಿಕೆ’ ಅನ್ನಲಾ?