‘ಲೈಫ್ ಲೈನ್’ಗೆ ಆಯುಷ್ಯರೇಖೆ ಅಂದರೆ ತಪ್ಪೇ?

ಗೆಳೆಯರೇ, ಇಂಗ್ಲಿಷಿನ ಹಸ್ತಸಾಮುದ್ರಿಕ ಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಂಗೈ ಚಿತ್ರದ ಹೆಸರುಗಳು ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಹೆಬ್ಬೆರಳ ಬುಡ ಬಳಸಿ ಮಣಿಕಟ್ಟಿಗಿಳಿಯುವ ‘ಲೈಫ್ ಲೈನ್’ಗೆ ‘ಆಯುಷ್ಯರೇಖೆ’ ಎಂದು ಬರೆದಿದ್ದೆ. ಕೈ ನೋಡಿ ಹೇಳುವ ನಮ್ಮ ಸೋದರಮಾವ ಕರಡು ನೋಡಿದವರೇ ನನ್ನ ಕೈ ಹಿಡಿದು, ಕಿರುಬೆರಳ ಕೆಳಗಿನಿಂದ ತೋರುಬೆರಳ ಕಡೆಗೆ ಉಗುರಲ್ಲಿ ಗೀರಿ, “ಆಯುಷ್ಯ ಇಲ್ಲಿರೋದು. ನೀನು ಬರೆದದ್ದು ಪಿತೃರೇಖೆ” ಅಂದರು. ಇಂಗ್ಲಿಷಿನಲ್ಲಿ ಅದು ‘ಹಾರ್ಟ್ ಲೈನ್’! ಏನು ಹಾಕಲಿ?

* * *

ನಿಮ್ಮ ಮಾವ ಹೇಳಿದ್ದೇ ಸರಿ. 6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪುರುಷಲಕ್ಷಣದ ಅಧ್ಯಾಯ ತೆಗೆಯಿರಿ. ರೇಖೆ ತೋರುಬೆರಳಿಗೆ ಹೋದರೆ 100 ವರ್ಷ, ಗಿಡ್ಡವಾದಷ್ಟೂ ಲೆಕ್ಕ ಇಳಿಯುತ್ತದೆ. ತುಂಡಾಗಿದ್ದರೆ ಮರದಿಂದ ಬೀಳುತ್ತಾನಂತೆ. ಕಿವಿಯಲ್ಲಿ ಕೂದಲಿದ್ದವನೂ ದೀರ್ಘಾಯು; ಅದಕ್ಕೆ ರೇಖೆಯೇ ಬೇಡ.

ಅಂದಹಾಗೆ, ಕೆಲವರು ಬರೆಯುವ ‘ಆಯುರೇಖೆ’ ಅಶುದ್ಧ. ಆಯುಸ್ + ರೇಖಾ. ನೀರಸ, ನೀರೋಗಗಳ ಹಾಗೆ ‘ಆಯೂರೇಖೆ’ ಆಗಬೇಕು.

* * *

ಆಯೂರೇಖೆಯಂತೆ! ಯಾರ ಬಾಯಲ್ಲಿ ಕೇಳಿದ್ದೀರಿ ಸ್ವಾಮಿ? ಮಾವ ಉಗುರಲ್ಲಿ ಗೀರಿದರು ಎಂದು ಕೇಳಿದವರೇ ಬರೆದಿದ್ದಾರೆ. ಗೀರಿದ್ದು ಗೆರೆ. ಸಕ್ಕದದ ಸಂಧಿ ಯಾಕೆ ಬೇಕು? ‘ಬಾಳ್ಗೆರೆ’ ಎಂದು ಹಾಕಿ, ಮುಗಿಯಿತು.

* * *

ಬಾಳ್ಗೆರೆ ಎಂದರೆ ಯಾವುದೋ ಊರಿನ ಹೆಸರು ಅಂದುಕೊಳ್ಳುತ್ತಾರೆ. ನೆನೆಸಿಕೊಳ್ಳುತ್ತಿದ್ದಾಗಲೇ ನೆಂಟರು ಬಾಗಿಲಿಗೆ ಬಂದರೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ‘ನಿಮಗೆ ನೂರು ವರ್ಷ ಆಯಸ್ಸು’ ಎಂದೇ ತಾನೆ? ಅಲ್ಲಿ ‘ಆಯಸ್ಸು’ ಚುಚ್ಚುವುದಿಲ್ಲವೇ?

* * *

‘ಆಯಸ್ಸು’ ನಾಲಗೆ ತಿದ್ದಿಕೊಂಡ ಮಾತು, ಅದು ನಮ್ಮದಾಗಿದೆ. ಆಯೂ-ಗೀಯೂ ಆಗಿಲ್ಲ. ಎರವಲು ತಂದದ್ದನ್ನು ತಂದವರ ಅಳತೆಗೇ ಹೊಲಿಸಬೇಕು ಅನ್ನುವುದೇ ನಿಮ್ಮ ರೋಗ.

* * *

ನೀರೋಗ ಇರಲಿ ಸ್ವಾಮಿ, ಅಚ್ಚಿನವರು ಮೂರು ಸಲ ಫೋನ್ ಮಾಡಿದರು. ಹೆಬ್ಬೆರಳಿನದಕ್ಕೆ ‘ಜೀವನರೇಖೆ’, ಮಾವ ತೋರಿಸಿದ್ದಕ್ಕೆ ‘ಹೃದಯರೇಖೆ’ ಎಂದು ಹಾಕಿದೆ. ನಮ್ಮ ಸಾಮುದ್ರಿಕದಲ್ಲಿ ಎರಡನೆಯದೇ ಆಯುಷ್ಯರೇಖೆ ಎಂದು ಕೆಳಗೆ ಟಿಪ್ಪಣಿ ಕೊಟ್ಟೆ. ಮಾವ ಇನ್ನೂ ಮಾತಾಡುತ್ತಿಲ್ಲ. ಮುಂದಿನ ಪುಟದಲ್ಲಿ ಹೆಬ್ಬೆರಳ ಬುಡದ ಉಬ್ಬು, ‘ಮೌಂಟ್ ಆಫ್ ವೀನಸ್’ ಇದೆ. ‘ಶುಕ್ರ ಪರ್ವತ’ ಇದ್ದರೆ ಸಾಕೋ, ಶುಕ್ರನಿಗೂ ಅಚ್ಚಗನ್ನಡ ಇದೆಯೋ?

* * *

ಇದೆ. ಬೆಳ್ಳಿ.