300 ಓಮ್ ಹೆಡ್‌ಫೋನ್‌ಗೆ ಕೈಕೊಡದ ಆಂಪ್ ಯಾವುದು?

ಬನಶಂಕರಿ_ಬಾಲ್ಕನಿ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಸೆನ್‌ಹೈಸರ್ ಎಚ್‌ಡಿ 650 ಇದೆ. ಸೆಕೆಂಡ್ ಹ್ಯಾಂಡ್ ಹೆಡ್‌ಫೋನ್, ಕರೆಂಟಿಗೆ ಅದು ಒಡ್ಡುವ ತಡೆ 300 ಓಮ್. ಫೋನಿಗೆ ಡಾಂಗಲ್ (ಹೆಡ್‌ಫೋನ್ ಚುಚ್ಚುವ ಪುಟ್ಟ ಅಡಾಪ್ಟರ್) ಹಾಕಿದರೆ ಹೊಸ ಸಿನಿಮಾ ಹಾಡುಗಳು ಜೋರಾಗಿಯೇ ಬರುತ್ತವೆ, ಆದರೆ ಮಲ್ಲಿಕಾರ್ಜುನ ಮನ್ಸೂರರ ಹಳೇ ರೇಡಿಯೋ ರೆಕಾರ್ಡಿಂಗ್ ಹಾಕಿದರೆ ವಾಲ್ಯೂಮ್ ಪೂರ್ತಿ ಏರಿಸಿದರೂ ಯಾರೋ ಪಕ್ಕದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಹಾಡುತ್ತಿರುವ ಹಾಗೆ ಕೇಳುತ್ತದೆ. ಹೋದ ವರ್ಷ ಭಾವ ಅಮೆರಿಕದಿಂದ ಬರುವಾಗ ಹೆಡ್‌ಫೋನಿನ ಸದ್ದು ಏರಿಸುವ ಒಂದು ಆಂಪ್ ತಂದುಕೊಟ್ಟಿದ್ದರು. ಒಂದು ಸಂಜೆ ಕೂಡ ಬಾಳಲಿಲ್ಲ. ಸುಟ್ಟ ವಾಸನೆ ಬಂತು, ಅಷ್ಟೇ. ಭಾವನಿಗೆ ಇನ್ನೂ ಹೇಳಿಲ್ಲ.

ಈಗ ಬಜೆಟ್ 15,000. ಮುಂದೆ ಒಂದು ಪ್ಲೇನಾರ್ (ಕೋನ್ ಬದಲು ತೆಳು ಹಾಳೆ ಅದುರಿ ಸದ್ದು ಮಾಡುವ ಹೆಡ್‌ಫೋನ್) ತಗೊಳ್ಳುವ ಆಸೆಯೂ ಇದೆ. ಎಲ್ಲ ಕಡೆ ಒಂದು ವ್ಯಾಟ್, ಎರಡು ವ್ಯಾಟ್ ಅಂತ ಬರೆದಿರುತ್ತಾರೆ, ನನಗೆ ಎಷ್ಟು ಬೇಕು ಅಂತಲೇ ಗೊತ್ತಾಗುತ್ತಿಲ್ಲ. ಹತ್ತು ವರ್ಷ ಸುಮ್ನೆ ಟೇಬಲ್ ಮೇಲೆ ಕೂತು ಕೆಲಸ ಮಾಡುವ ಡಬ್ಬಿ ಬೇಕು, ಅಷ್ಟೇ.

ಲೆಕ್ಕದ_ಕಿವಿ:
ಮೊದಲು ವ್ಯಾಟ್ ಮರೆತುಬಿಡಿ. ಎಚ್‌ಡಿ 650ಗೆ ಒಂದು ವೋಲ್ಟ್ ಕೊಟ್ಟರೆ 103 ಡೆಸಿಬೆಲ್ ಬರುತ್ತದೆ. ಸಂಗೀತದ ಏರುಪೇರಿಗೆ ಜಾಗ ಬಿಟ್ಟು 110 ಡೆಸಿಬೆಲ್ ಬೇಕು ಅಂತಿಟ್ಟುಕೊಳ್ಳಿ, ಆಗ 2.2 ವೋಲ್ಟ್ ಸಾಕು. ಅದು 300 ಓಮ್‌ನಲ್ಲಿ ಎಷ್ಟು ಪವರ್ ಗೊತ್ತಾ? ಸುಮಾರು 17 ಮಿಲಿವ್ಯಾಟ್! ಎರಡು ವ್ಯಾಟ್ ಅಂತ ಡಬ್ಬಿ ಮೇಲೆ ಬರೆದಿರುವುದು ಸಾಮಾನ್ಯವಾಗಿ 32 ಓಮ್ ಲೆಕ್ಕ. ನೀವು ನೋಡಬೇಕಾದ್ದು 300 ಓಮ್ ಎದುರಿಗೆ ಎಷ್ಟು ಬರೆದಿದ್ದಾರೆ ಅಂತ.

ಮನ್ಸೂರರ ವಿಷಯ ಬೇರೆ. ಹಳೇ ರೆಕಾರ್ಡಿಂಗ್‌ಗಳ ಮಟ್ಟವೇ ಕಡಿಮೆ. ಡಾಂಗಲ್ ಹೆಚ್ಚೆಂದರೆ ಒಂದು ವೋಲ್ಟ್ ಕೊಡುತ್ತದೆ ಅಂದುಕೊಳ್ಳಿ, ರೆಕಾರ್ಡಿಂಗ್ 10 ಡೆಸಿಬೆಲ್ ಕೆಳಗಿದ್ದರೆ ಅದರಿಂದ ಬರುವುದು 0.3 ವೋಲ್ಟ್ ಮಾತ್ರ. ಅದನ್ನು 2.2 ಮಾಡಬೇಕಾದರೆ ಏಳು ಪಟ್ಟು ಗೇನ್, ಅಂದರೆ ಆಂಪ್ ಸಿಗ್ನಲನ್ನು ದೊಡ್ಡದು ಮಾಡುವ ಪ್ರಮಾಣ, ಬೇಕು. ಹಾಗಾಗಿ ಗೇನ್ ಸ್ವಿಚ್ ಇರುವ ಆಂಪ್ ನೋಡಿ.

ಪ್ಲೇನಾರ್ ತಗೊಂಡರೆ ಕಥೆ ಬದಲಾಗುತ್ತದೆ. ಹೈಫೈಮ್ಯಾನ್ ಎಚ್‌ಇ6 ಅಂತ ಒಂದು ರಾಕ್ಷಸ ಇದೆ, 50 ಓಮ್, ಒಂದು ಮಿಲಿವ್ಯಾಟಿಗೆ 83.5 ಡೆಸಿಬೆಲ್. ಅದೇ 110ಕ್ಕೆ ಸುಮಾರು 450 ಮಿಲಿವ್ಯಾಟ್ ನುಂಗುತ್ತದೆ. ಓಮ್ ಜಾಸ್ತಿ ಇದ್ದರೆ ಓಡಿಸುವುದು ಕಷ್ಟ ಅನ್ನುವುದು ಅರ್ಧ ಸತ್ಯ, ನೋಡಿ.

ಕೆಂಪು_ಟ್ಯೂಬ್:
ಮೇಲಿನವರು ಲೆಕ್ಕ ಸರಿಯಾಗಿ ಹೇಳಿದ್ದಾರೆ, ಆದರೂ ನಾನು ಟ್ಯೂಬ್ (ಹಳೇ ರೇಡಿಯೋಗಳ ಗಾಜಿನ ವಾಲ್ವ್) ಆಂಪ್ ಕಡೆಯವನು. ಎಚ್‌ಡಿ 650 ಹೆಸರಿಗೆ 300 ಓಮ್, ಬಾಸ್ ಇರುವ 80-100 ಹರ್ಟ್ಸ್ ಹತ್ತಿರ 500ರ ಆಸುಪಾಸು ಹೋಗುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಟ್ಯೂಬ್ ಆಂಪ್‌ಗಳ ಔಟ್‌ಪುಟ್ ಇಂಪೀಡೆನ್ಸ್ (ಆಂಪಿನದೇ ಒಳಗಿನ ತಡೆ) ಜಾಸ್ತಿ, ಹಾಗಾಗಿ ಅಲ್ಲಿ ಸದ್ದು ಸ್ವಲ್ಪ ಉಬ್ಬುತ್ತದೆ. ಮೃದಂಗದ ಎಡಗೈ ಹೊಟ್ಟೆಗೆ ತಾಗುತ್ತದೆ. ತಾಂತ್ರಿಕವಾಗಿ ತಪ್ಪೇ, ನನಗೆ ಇಷ್ಟ. ಆದರೆ ಹತ್ತು ವರ್ಷ ಸುಮ್ನೆ ಕೂರಬೇಕು ಅಂದರೆ ತಗೋಬೇಡಿ. ಟ್ಯೂಬ್ ಸವೆಯುತ್ತದೆ, ಬದಲಿಸಬೇಕು, ಬಿಸಿಯಾಗುತ್ತದೆ. ನಮ್ಮ ಬೆಕ್ಕು ಚಳಿಗಾಲದಲ್ಲಿ ಅದರ ಪಕ್ಕವೇ ಮಲಗುವುದು.

ಸೋಲ್ಡರ್_ಸೀನ:
ಬಾಲ್ಕನಿಯವರೇ, ಹೊಸ ಆಂಪ್ ಮಾತು ಆಮೇಲೆ. ಭಾವ ತಂದ ಆಂಪಿನ ಅಡಾಪ್ಟರ್ ಇನ್ನೂ ಇದೆಯಾ? ಅದರ ಮೇಲೆ ಇನ್‌ಪುಟ್ ಅಂತ ಏನು ಬರೆದಿದೆ ಓದಿ ಹೇಳಿ.

ಬನಶಂಕರಿ_ಬಾಲ್ಕನಿ:
120 ವೋಲ್ಟ್ ಎಸಿ, 60 ಹರ್ಟ್ಸ್. ಔಟ್‌ಪುಟ್ 16 ವೋಲ್ಟ್ ಎಸಿ. ನಾನು ಪಿನ್ ಕನ್ವರ್ಟರ್ ಹಾಕಿ ಚುಚ್ಚಿದ್ದೆ. ಅಯ್ಯೋ.

ಸೋಲ್ಡರ್_ಸೀನ:
ಅದೇ ಅಂದುಕೊಂಡೆ. ಪಿನ್ ಕನ್ವರ್ಟರ್ ಪಿನ್ ಮಾತ್ರ ಬದಲಿಸುತ್ತದೆ ಸಾರ್, ವೋಲ್ಟೇಜ್ ಅಲ್ಲ. ಲ್ಯಾಪ್‌ಟಾಪ್ ಚಾರ್ಜರ್ 100ರಿಂದ 240ರವರೆಗೆ ತಡೆದುಕೊಳ್ಳುತ್ತದೆ ಅಂತ ಎಲ್ಲವೂ ಹಾಗೇ ಅಂದುಕೊಳ್ಳುತ್ತೇವೆ. ನಿಮ್ಮದು ಹಳೇ ಥರದ ಟ್ರಾನ್ಸ್‌ಫಾರ್ಮರ್. ನಮ್ಮ 230ಕ್ಕೆ ಹಾಕಿದರೆ 16ರ ಜಾಗದಲ್ಲಿ 30ರ ಮೇಲೆ ಕೊಡುತ್ತದೆ, ಬಿಸಿಯಾಗಿ ತಾನೂ ಸಾಯುತ್ತದೆ. ಒಳಗಿನ ಒಂದೆರಡು ಕೆಪಾಸಿಟರ್, ರೆಗ್ಯುಲೇಟರ್ ಹೋಗಿರಬಹುದು. ಅವು ಚಿಲ್ಲರೆ ಕಾಸಿನ ಪಾರ್ಟ್‌ಗಳು. ಎಸೆಯಬೇಡಿ.

ಹೊಸದೇ ಬೇಕು ಅಂದರೆ ನಾನು ನೋಡುವುದು ಹೀಗೆ. ಆನ್ ಮಾಡಿದ ಎರಡು ಮೂರು ಸೆಕೆಂಡ್ ಆದಮೇಲೆ ಒಳಗಡೆ ಟಿಕ್ ಅನ್ನಬೇಕು. ಅದು ರಿಲೇ, ಅಲ್ಲಿಯವರೆಗೆ ಹೆಡ್‌ಫೋನನ್ನು ದೂರ ಇಟ್ಟಿರುತ್ತದೆ. ಬೇಸಿಗೆಯಲ್ಲಿ ನಮ್ಮ ಏರಿಯಾದಲ್ಲಿ ಕರೆಂಟ್ ಸಂಜೆ ನಾಲ್ಕು ಸಲ ಹೋಗಿ ಬರುತ್ತದೆ, ಪ್ರತಿ ಸಲ ಧಡ್ ಅಂತ ಕಿವಿಗೆ ಹೊಡೆದರೆ ಹೆಡ್‌ಫೋನ್ ಎಷ್ಟು ದಿನ ಬಾಳೀತು? ಇನ್ನೊಂದು, ಅಡಾಪ್ಟರ್ ಕಳೆದರೆ ನಾಳೆ ಬೆಳಿಗ್ಗೆ ಬೇರೆ ಸಿಗಬೇಕು. ಫಿಯೋ ಕೆ7 ಆಂಪ್‌ಗೆ 12 ವೋಲ್ಟ್ ಡಿಸಿ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಲ್ಲಿ ಬೇಕಾದಷ್ಟು. ಮ್ಯಾಗ್ನಿ, ಆಟಮ್ ಇವು ಎಸಿ ಅಡಾಪ್ಟರ್ ಕೇಳುತ್ತವೆ. ಒಳ್ಳೇ ಆಂಪ್‌ಗಳೇ, ಆದರೆ 230 ವೋಲ್ಟಿನದೇ ತರಿಸಬೇಕು. ಒ2 ಅಂತ ಹಳೇ ಡಿಸೈನ್ ಇದೆ, 2011ರಲ್ಲಿ ಎನ್‌ಡಬ್ಲ್ಯುಎವಿಗೈ ಅನ್ನೋ ಹೆಸರಲ್ಲಿ ಬರೆಯುತ್ತಿದ್ದವರು ಸರ್ಕ್ಯೂಟ್ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟರು, ಅವರು ಯಾರು ಅಂತ ಹೇಳಿಕೊಳ್ಳಲೇ ಇಲ್ಲ. ಗೇನ್ ಎರಡೂವರೆ ಪಟ್ಟು, ಆರೂವರೆ ಪಟ್ಟು. ನಿಮ್ಮ ಮನ್ಸೂರರಿಗೆ ಸರಿಹೋಗುತ್ತದೆ. ಕರೆಂಟ್ ಹೋದರೆ ಎರಡು 9 ವೋಲ್ಟ್ ಬ್ಯಾಟರಿಯಲ್ಲೂ ಓಡುತ್ತದೆ.

ಆದರೆ ಮೊದಲು ಇರುವುದನ್ನು ಬಿಚ್ಚಿ ನೋಡಿ. ರಿಪೇರಿ ಆದಮೇಲೆ ಎಚ್‌ಡಿ 650 ಚುಚ್ಚಲೇಬೇಡಿ. ವಾಲ್ಯೂಮ್ ಸೊನ್ನೆ ಮಾಡಿ, ಮಲ್ಟಿಮೀಟರನ್ನು ಡಿಸಿ 200 ಮಿಲಿವೋಲ್ಟ್‌ಗೆ ಇಟ್ಟು ಹೆಡ್‌ಫೋನ್ ಚುಚ್ಚುವ ಜಾಗದಲ್ಲಿ ಎರಡೂ ಚಾನೆಲ್ ಅಳೆಯಿರಿ. 10ರ ಒಳಗಿದ್ದರೆ ನಿಶ್ಚಿಂತೆ. 50 ದಾಟಿದರೆ ಕೈ ಹಚ್ಚಬೇಡಿ. ಆಮೇಲೂ ಮೊದಲು ಯಾವುದಾದರೂ ಹಳೇ ಇಯರ್‌ಫೋನ್ ಹಾಕಿ ನೋಡಿ.

ಬನಶಂಕರಿ_ಬಾಲ್ಕನಿ:
ಎರಡು ವಾರ ಆದಮೇಲೆ ಬರೆಯುತ್ತಿದ್ದೇನೆ. ಶನಿವಾರ ಎಸ್‌ಪಿ ರೋಡಿಗೆ ಹೋಗಿದ್ದೆ. ಮೊದಲ ಎರಡು ಅಂಗಡಿಯಲ್ಲಿ 16 ವೋಲ್ಟ್ ಡಿಸಿ ಅಡಾಪ್ಟರ್ ಕೈಗೆ ಕೊಟ್ಟು "ಎಲ್ಲಾ ಒಂದೇ ಸಾರ್" ಅಂದರು. ಮೂರನೇ ಅಂಗಡಿಯ ಅಜ್ಜ ಮಾತ್ರ ಆಂಪಿನ ಹಿಂದೆ ಬರೆದಿದ್ದನ್ನು ಕನ್ನಡಕ ಏರಿಸಿ ಓದಿ, ಒಳಗಿಂದ ಒಂದು ಟ್ರಾನ್ಸ್‌ಫಾರ್ಮರ್ ತಂದು, ಮೀಟರಿಗೆ ಹಾಕಿ ತೋರಿಸಿ ಕೊಟ್ಟರು. ಆಂಪ್ ಒಳಗೆ ಒಂದು ಕೆಪಾಸಿಟರ್ ತಲೆ ಪೂರಿಯ ಹಾಗೆ ಉಬ್ಬಿತ್ತು. ಅದು, ಅದರ ಜೋಡಿ, ಎರಡು ರೆಗ್ಯುಲೇಟರ್, ಇಷ್ಟೇ ಬದಲಿಸಿದ್ದು. ಸೋಲ್ಡರಿಂಗ್ ಮಾಡಿದ್ದು ಪಕ್ಕದ ಮನೆ ಡಿಪ್ಲೊಮಾ ಹುಡುಗ.

ಎಡ 3 ಮಿಲಿವೋಲ್ಟ್, ಬಲ 4. ಟಿಕ್ ಅಂತು. ನಿನ್ನೆ ರಾತ್ರಿ ಹೈ ಗೇನ್ ಹಾಕಿ ಮನ್ಸೂರರನ್ನು ಕೇಳಿದೆ, ಪಕ್ಕದ ಮನೆಯಿಂದ ನಮ್ಮ ಹಾಲ್‌ಗೆ ಬಂದು ಕೂತರು. ವಾಲ್ಯೂಮ್ ನಾಬ್ ತಿರುಗಿಸುವಾಗ ಬಲಗಡೆ ಕರಕರ ಅನ್ನುತ್ತದೆ, ಟ್ರಾನ್ಸ್‌ಫಾರ್ಮರ್ ಬೆಚ್ಚಗಾಗುತ್ತದೆ. ಪರವಾಗಿಲ್ವಾ?

ಸೋಲ್ಡರ್_ಸೀನ:
ಕರಕರಕ್ಕೆ ಪಾಟ್ (ವಾಲ್ಯೂಮ್ ನಾಬ್ ಹಿಂದಿನ ಪಾರ್ಟ್) ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚೂರು ಬಿಟ್ಟು, ಇಪ್ಪತ್ತು ಸಲ ಆ ತುದಿಯಿಂದ ಈ ತುದಿಗೆ ತಿರುಗಿಸಿ. ಆಂಪ್ ಆಫ್ ಇರಲಿ. ಟ್ರಾನ್ಸ್‌ಫಾರ್ಮರ್ ಮೇಲೆ ಕೈ ಇಟ್ಟುಕೊಂಡು ಹತ್ತು ಎಣಿಸಲು ಆಗುತ್ತದಾ? ಆದರೆ ಸರಿ. ಅದನ್ನು ಬಿಡಿಯಾಗಿ ಟೇಬಲ್ ಮೇಲೆ ಬಿಟ್ಟಿಲ್ಲ ತಾನೇ, 230 ವೋಲ್ಟ್ ಅದು, ಮೊದಲು ಒಂದು ಡಬ್ಬಿಗೆ ಹಾಕಿ ಫ್ಯೂಸ್ ಕೂರಿಸಿ.

ಬನಶಂಕರಿ_ಬಾಲ್ಕನಿ:
ಹದಿನಾಲ್ಕರವರೆಗೆ ಎಣಿಸಿದೆ. ಡಬ್ಬಿ ನಾಳೆ ತರುತ್ತೇನೆ.