ಗಿನಿಪಿಗ್‌ಗೆ ಫಸ್ಟ್ ಏಡ್ ಬಾಕ್ಸ್: ಮನೆಯಲ್ಲಿ ಏನೇನು ಇರಬೇಕು?

ಜೋಡಿಗಿನಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಹೊಸದಾಗಿ ಎರಡು ಹೆಣ್ಣು ಗಿನಿಪಿಗ್ ಬಂದಿವೆ. ಎರಡೂ ಚೆನ್ನಾಗಿವೆ. ಹುಲ್ಲು ತಿನ್ನುತ್ತವೆ, ಫ್ರಿಜ್ ಬಾಗಿಲು ತೆಗೆದ ಸದ್ದಾದರೆ ಸಾಕು, ಕೂಗಲು ಶುರು ಮಾಡುತ್ತವೆ. ಆದರೆ ಗಿನಿಪಿಗ್ ನೋಡುವ ಡಾಕ್ಟರ್ ನಮಗೆ ದೂರ. ರಾತ್ರಿ ಹೊತ್ತು ಸಿಗುವುದೂ ಇಲ್ಲ. ಏನಾದರೂ ಆದರೆ ಬೆಳಗಾಗುವ ತನಕ ನಾವೇ ನೋಡಿಕೊಳ್ಳಬೇಕು. ಅದಕ್ಕೆ ಈಗಲೇ ಒಂದು ಬಾಕ್ಸ್ ಮಾಡಿಟ್ಟುಕೊಳ್ಳೋಣ ಅಂತ.

ಮನೆಯಲ್ಲಿ ನಮಗೇ ಅಂತ ಇರುವ ಡಬ್ಬಿಯಲ್ಲಿ ಹತ್ತಿ, ಬ್ಯಾಂಡೇಜ್, ಸ್ಪಿರಿಟ್, ಗಾಯಕ್ಕೆ ಹಚ್ಚುವ ಆಂಟಿಬಯಾಟಿಕ್ ಮುಲಾಮು, ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ ಇದೆ. ಇದನ್ನೇ ಬಳಸಬಹುದಾ? ಬೇರೆ ಏನು ಸೇರಿಸಬೇಕು? ಅನುಭವ ಇರುವವರು ದಯವಿಟ್ಟು ಹೇಳಿ.

ಕಂದುಕಿವಿ:

ಮೊದಲು ಉಗುರಿನ ವಿಷಯ ಹೇಳಿಬಿಡುತ್ತೇನೆ, ಜಾಸ್ತಿ ಬರುವ ತೊಂದರೆ ಅದೇ. ಉಗುರು ಕತ್ತರಿಸುವಾಗ ಒಳಗೆ ರಕ್ತ ಹರಿಯುವ ಭಾಗಕ್ಕೆ ತಾಗಿದರೆ ರಕ್ತ ಬರುತ್ತದೆ. ಇದಕ್ಕೆ ಸ್ಟಿಪ್ಟಿಕ್ ಪೌಡರ್ ಅಂತ ಸಿಗುತ್ತದೆ. ಇಲ್ಲದಿದ್ದರೆ ಅಡುಗೆಗೆ ಬಳಸುವ ಬಿಳಿ ಕಾರ್ನ್‌ಫ್ಲೋರ್ ಸಾಕು. ಒಂದು ಚಿಟಿಕೆ ಹಿಟ್ಟಿಗೆ ಉಗುರಿನ ತುದಿ ಒತ್ತಿ, ಕೆಲವು ನಿಮಿಷ ಹಾಗೇ ಹಿಡಿದುಕೊಳ್ಳಿ. ನಡುವೆ ತೆಗೆದು ತೆಗೆದು ನೋಡಬೇಡಿ. ಸ್ಟಿಪ್ಟಿಕ್ ಪೌಡರ್ ಉಗುರಿಗೆ ಮಾತ್ರ, ಚರ್ಮದ ಗಾಯಕ್ಕೆ ಹಾಕಿದರೆ ಉರಿಯುತ್ತದೆ. ಹದಿನೈದು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗಬೇಕು.

ಉಳಿದದ್ದನ್ನು ಹುಲ್ಲುಗೂಡು ಅವರು ಹೇಳಲಿ. ಅವರ ಮನೆಯಲ್ಲಿ ಯಾವಾಗಲೂ ಒಂದಲ್ಲ ಒಂದು ಕಾಯಿಲೆಯ ಗಿನಿಪಿಗ್ ಇದ್ದೇ ಇರುತ್ತದೆ.

ಹುಲ್ಲುಗೂಡು:

ಜೋಡಿಗಿನಿ ಅವರೇ, ಚೆನ್ನಾಗಿರುವಾಗಲೇ ಕೇಳಿದಿರಿ, ಬಹಳ ಒಳ್ಳೆಯದಾಯಿತು.

ನಿಮ್ಮ ಡಬ್ಬಿಯಿಂದ ಮೊದಲು ತೆಗೆಯಬೇಕಾದದ್ದು ಹೇಳುತ್ತೇನೆ. ಆ ಮುಲಾಮು ಬೇಡ. ಗಿನಿಪಿಗ್ ಮೈಗೆ ಏನು ಹಚ್ಚಿದರೂ ನೆಕ್ಕುತ್ತದೆ, ಅದು ಹೊಟ್ಟೆಗೆ ಹೋಗುತ್ತದೆ. ಅದರ ಹೊಟ್ಟೆಯಲ್ಲಿ ಹುಲ್ಲನ್ನು ಜೀರ್ಣ ಮಾಡುವುದು ಒಳ್ಳೆಯ ಬ್ಯಾಕ್ಟೀರಿಯಾಗಳು. ತಪ್ಪು ಆಂಟಿಬಯಾಟಿಕ್ ಹೋದರೆ ಅವು ಸಾಯುತ್ತವೆ. ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಕೆಲವೇ ದಿನಗಳಲ್ಲಿ ಪ್ರಾಣ ಹೋಗಬಹುದು. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಎರಿತ್ರೋಮೈಸಿನ್, ಇವನ್ನು ಬಾಯಿಗೆ ಕೊಡಲೇಬಾರದು. ನಾಯಿ ಬೆಕ್ಕುಗಳಿಗೆ ದಿನಾ ಬರೆಯುವ ಔಷಧಿಗಳೇ ಇದರಲ್ಲಿವೆ. ಗಿನಿಪಿಗ್ ಅಷ್ಟಾಗಿ ನೋಡದ ಡಾಕ್ಟರ್ ಹತ್ತಿರ ಹೋದರೆ ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಕೇಳಲು ಸಂಕೋಚ ಬೇಡ. ಎನ್ರೋಫ್ಲಾಕ್ಸಾಸಿನ್, ಟ್ರೈಮೆಥೋಪ್ರಿಮ್-ಸಲ್ಫಾ ಇಂಥವನ್ನು ಡಾಕ್ಟರುಗಳು ಗಿನಿಪಿಗ್‌ಗೆ ಕೊಡುತ್ತಾರೆ. ಆದರೆ ಅದೂ ಅವರೇ ತೂಕ ನೋಡಿ ಕೊಡಬೇಕು.

ಪ್ಯಾರಾಸಿಟಮಾಲ್ ಕೂಡ ಪಕ್ಕಕ್ಕಿಡಿ. ನೋವಿಗೆ ಸಾಮಾನ್ಯವಾಗಿ ಮೆಲಾಕ್ಸಿಕಾಮ್ ಸಿರಪ್ ಬರೆಯುತ್ತಾರೆ. ಇದರಲ್ಲಿ ಒಂದು ವಿಷಯ ಗಮನಿಸಿ. ಬೆಕ್ಕಿನ ಸಿರಪ್ ಒಂದು ಎಂಎಲ್‌ಗೆ 0.5 ಮಿಲಿಗ್ರಾಂ ಇದ್ದರೆ, ನಾಯಿಯದ್ದು 1.5 ಮಿಲಿಗ್ರಾಂ ಇರುತ್ತದೆ. ‘ಅದೇ ಔಷಧಿ ತಾನೇ’ ಅಂತ ಅಷ್ಟೇ ಅಳತೆ ಹಾಕಿದರೆ ಮೂರು ಪಟ್ಟು ಹೋಯಿತು ಅಂತಲೇ ಲೆಕ್ಕ. ಬಾಟಲಿ ಬದಲಾದಾಗಲೆಲ್ಲ ಲೇಬಲ್ ಓದಿ.

ಸ್ಪಿರಿಟ್ ಬೇಡ, ಹೈಡ್ರೋಜನ್ ಪೆರಾಕ್ಸೈಡ್ ಬೇಡ. ಗಾಯ ತೊಳೆಯಲು ಸಲೈನ್ ಸಾಕು. ಔಷಧಿ ಅಂಗಡಿಯ ಸಣ್ಣ ಸಣ್ಣ ಟ್ಯೂಬ್ ಆದರೆ ಒಳ್ಳೆಯದು, ಒಮ್ಮೆ ಒಡೆದು ಬಳಸಿ ಬಿಸಾಡಬಹುದು. ಗಾಯಕ್ಕೆ ಹತ್ತಿ ಬೇಡ, ಎಳೆ ಅಂಟಿಕೊಳ್ಳುತ್ತದೆ. ಗಾಜ್ ಬಟ್ಟೆ ಇಡಿ. ಬ್ಯಾಂಡೇಜ್ ಕಟ್ಟಿದರೂ ಹಲ್ಲಲ್ಲಿ ಕಿತ್ತು ತಿನ್ನುತ್ತವೆ, ಅದರ ಗೋಜಿಗೆ ಹೋಗಬೇಡಿ. ಕಚ್ಚಿದ ಗಾಯ ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಕೀವು ತುಂಬಿ ಗಂಟಾಗುತ್ತದೆ. ಅದನ್ನು ಡಾಕ್ಟರಿಗೆ ತೋರಿಸಲೇಬೇಕು.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ಫಸ್ಟ್ ಏಡ್ ಅಂದ ಕೂಡಲೇ ನಮಗೆಲ್ಲ ಗಾಯ, ರಕ್ತ ನೆನಪಾಗುತ್ತದೆ. ಆದರೆ ಗಿನಿಪಿಗ್ ವಿಷಯದಲ್ಲಿ ನಾನು ಹೆದರುವುದು ಒಂದಕ್ಕೇ: ತಿನ್ನುವುದನ್ನು ನಿಲ್ಲಿಸುವುದು. ಹಲ್ಲು ನೋವು, ಮೂತ್ರದ ಕಲ್ಲು, ನೆಗಡಿ, ಭಯ, ಕಾರಣ ಯಾವುದೇ ಇರಲಿ, ಊಟ ಬಿಟ್ಟರೆ ಕರುಳಿನ ಚಲನೆಯೇ ನಿಂತುಹೋಗುತ್ತದೆ. ಹನ್ನೆರಡು ಗಂಟೆ ಏನೂ ತಿನ್ನಲಿಲ್ಲ ಅಂದರೆ ಅದು ಎಮರ್ಜೆನ್ಸಿ. ‘ನಾಳೆ ನೋಡೋಣ’ ಅನ್ನುವಂತಿಲ್ಲ. ಅದಕ್ಕೇ ನನ್ನ ಬಾಕ್ಸಿನಲ್ಲಿ ಮೇಲ್ಗಡೆ ಇರುವುದು ಬ್ಯಾಂಡೇಜ್ ಅಲ್ಲ. ತೂಕದ ಯಂತ್ರ, ಸಿರಿಂಜ್, ರಿಕವರಿ ಪುಡಿ, ಅಂದರೆ ಊಟ ಬಿಟ್ಟಾಗ ನೀರಲ್ಲಿ ಕಲಸಿ ಸಿರಿಂಜ್‌ನಲ್ಲಿ ತಿನ್ನಿಸುವ ಆಹಾರ.

ತೂಕದ ಯಂತ್ರ ಅಂದರೆ ಅಡುಗೆ ಮನೆಯದ್ದೇ, ಒಂದು ಗ್ರಾಂ ಲೆಕ್ಕ ತೋರಿಸುವಂಥದ್ದು. ದೊಡ್ಡ ಗಿನಿಪಿಗ್ ಸುಮಾರು 700ರಿಂದ 1200 ಗ್ರಾಂ ಇರುತ್ತದೆ. ವಾರಕ್ಕೊಮ್ಮೆ ಅದೇ ದಿನ, ಅದೇ ಹೊತ್ತಿಗೆ ಒಂದು ಡಬ್ಬಿಯಲ್ಲಿ ಕೂರಿಸಿ ತೂಗಿ ಬರೆದಿಡಿ. ಇಪ್ಪತ್ತು ಮೂವತ್ತು ಗ್ರಾಂ ಹೆಚ್ಚು ಕಡಿಮೆ ಆಗುತ್ತಲೇ ಇರುತ್ತದೆ. ಐವತ್ತು ಗ್ರಾಂ ಇಳಿದರೆ ದಿನಾ ತೂಗಲು ಶುರು ಮಾಡಿ, ಚೆನ್ನಾಗಿ ಗಮನಿಸಿ. ನೂರು ಗ್ರಾಂ ಇಳಿದರೆ ತಡ ಮಾಡಬೇಡಿ. ಇವು ಬೇಟೆಗೆ ಸಿಗುವ ಪ್ರಾಣಿಗಳು. ಕಾಯಿಲೆ ಬಂದರೂ ಕೊನೆಯ ತನಕ ತೋರಿಸಿಕೊಳ್ಳುವುದಿಲ್ಲ. ಹುಲ್ಲಿನ ಮುಂದೆ ಕೂತು ತಿಂದಂತೆ ಮಾಡುತ್ತವೆ, ಹೊಟ್ಟೆಗೆ ಏನೂ ಹೋಗಿರುವುದಿಲ್ಲ. ತೂಕ ಮಾತ್ರ ಸುಳ್ಳು ಹೇಳುವುದಿಲ್ಲ.

ಸಸ್ಯಾಹಾರಿ ಪ್ರಾಣಿಗಳಿಗೇ ಮಾಡಿದ ರಿಕವರಿ ಪುಡಿ ಸಿಗುತ್ತದೆ, ಆಕ್ಸ್‌ಬೋ ಕ್ರಿಟಿಕಲ್ ಕೇರ್ ಥರದ್ದು. ಒಂದು ಪ್ಯಾಕೆಟ್ ತಂದಿಡಿ. ಸಿಗದಿದ್ದರೆ ಅವು ತಿನ್ನುವ ಪೆಲೆಟ್ ಅನ್ನೇ ಪುಡಿ ಮಾಡಿ, ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ, ನುಣ್ಣಗೆ ಕಲಸಿ ಕೊಡಬಹುದು. ಹಾಲು, ಮೊಸರು ಬೇಡ.

ಜೋಡಿಗಿನಿ:

ಇಷ್ಟು ವಿವರವಾಗಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮುಲಾಮು ಈಗಲೇ ತೆಗೆದಿಟ್ಟೆ. ಸಿರಿಂಜ್‌ನಲ್ಲಿ ತಿನ್ನಿಸುವುದು ನನಗೆ ಗೊತ್ತೇ ಇಲ್ಲ. ಉಸಿರಿಗೆ ಸಿಕ್ಕಿಹಾಕಿಕೊಂಡರೆ ಅಂತ ಭಯ. ಮತ್ತೆ ವಿಟಮಿನ್ ಸಿ ಡ್ರಾಪ್ಸ್ ಬಾಕ್ಸಿನಲ್ಲಿ ಇರಬೇಕಾ? ಕುಡಿಯುವ ನೀರಿಗೆ ಹಾಕಿ ಅಂತ ಒಬ್ಬರು ಹೇಳಿದರು.

ಹುಲ್ಲುಗೂಡು:

ಭಯ ಸಹಜ. ಎಲ್ಲಿ ಹೇಗೆ ಹಿಡಿಯಬೇಕು ಅಂತ ಗೊತ್ತಾದರೆ ಕೈ ತಾನಾಗೇ ಕೂರುತ್ತದೆ.

ಒಂದು ಎಂಎಲ್ ಸಿರಿಂಜ್ ನಾಲ್ಕೈದು ತಂದಿಡಿ, ಸೂಜಿ ಬೇಡ. ಪುಡಿಯಲ್ಲಿ ನಾರು ಇರುವುದರಿಂದ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ತುದಿ ಸ್ವಲ್ಪ ಕತ್ತರಿಸಿ. ಕತ್ತರಿಸಿದ ಅಂಚು ಬೆರಳಿಗೆ ಚುಚ್ಚದಷ್ಟು ನಯವಾಗುವ ತನಕ ಉಜ್ಜಿ. ಈ ಕೆಲಸವನ್ನು ಇವತ್ತೇ ಮಾಡಿಟ್ಟುಕೊಳ್ಳಿ, ಮಧ್ಯರಾತ್ರಿ ಕೈ ನಡುಗುವಾಗ ಅಲ್ಲ.

ನಮ್ಮ ಗುಂಡನಿಗೆ ಹಲ್ಲಿನ ತೊಂದರೆ. ಇವುಗಳ ಹಲ್ಲು ಬೆಳೆಯುತ್ತಲೇ ಇರುತ್ತದೆ, ಹಿಂದಿನ ಹಲ್ಲು ಉದ್ದವಾದರೆ ಅಗಿಯಲು ಆಗುವುದಿಲ್ಲ. ಹಾಗಾಗಿ ಆಗಾಗ ಅವನಿಗೆ ಸಿರಿಂಜ್ ಊಟ. ನಾನು ಮಾಡುವುದು ಹೀಗೆ. ಒಂದು ಸಣ್ಣ ಟವಲ್‌ನಲ್ಲಿ ಕುತ್ತಿಗೆ ತನಕ ಸುತ್ತಿ, ಮುಂಗಾಲು ಒಳಗಿರುವಂತೆ ಮಾಡಿ, ನನ್ನ ಹೊಟ್ಟೆಗೆ ಅವನ ಬೆನ್ನು ತಾಗುವಂತೆ ಮಡಿಲಲ್ಲಿ ಕೂರಿಸಿಕೊಳ್ಳುತ್ತೇನೆ. ನಾಲ್ಕೂ ಕಾಲು ಕೆಳಗೇ ಇರಬೇಕು. ಅಂಗಾತ ಮಲಗಿಸಬಾರದು, ತಲೆ ಹಿಂದಕ್ಕೆ ಎತ್ತಬಾರದು. ಮುಂದಿನ ಹಲ್ಲುಗಳ ಹಿಂದೆ, ಪಕ್ಕದಲ್ಲಿ, ಹಲ್ಲೇ ಇಲ್ಲದ ಒಂದು ಖಾಲಿ ಜಾಗ ಇದೆ. ಸಿರಿಂಜ್ ಹೋಗಬೇಕಾದದ್ದು ಅಲ್ಲಿಂದ. ತುಟಿಯ ಮೂಲೆಯಿಂದ ಓರೆಯಾಗಿ ಒಳಗಿಟ್ಟು ಅರ್ಧ ಎಂಎಲ್ ಒತ್ತಿ, ನಿಲ್ಲಿಸಿ. ಈಗ ಅವನ ದವಡೆ ನೋಡಿ. ಪಟಪಟ ಅಂತ ಅಗಿಯಲು ಶುರುವಾಗುತ್ತದೆ, ಕಿವಿಯ ಬುಡದ ಹತ್ತಿರ ಚರ್ಮ ಅಲುಗಾಡುತ್ತದೆ. ಅದು ನಿಂತು ನುಂಗಿದ ಮೇಲೆ ಇನ್ನರ್ಧ ಎಂಎಲ್. ಅಗಿಯದೆ ಸುಮ್ನೆ ಬಾಯಲ್ಲಿ ಇಟ್ಟುಕೊಂಡರೆ ಇನ್ನೂ ಹಾಕಬೇಡಿ, ಕಾಯಿರಿ. ಗಲ್ಲದಿಂದ ಇಳಿದರೆ ಒರೆಸಿ, ಒಣಗಿದರೆ ಚರ್ಮ ಹುಣ್ಣಾಗುತ್ತದೆ.

ದಿನಕ್ಕೆ ಎಷ್ಟು ಅನ್ನುವುದು ಪ್ಯಾಕೆಟ್ ಮೇಲೆ ತೂಕದ ಲೆಕ್ಕದಲ್ಲಿ ಇರುತ್ತದೆ. ಅದನ್ನು ಮೂರು ನಾಲ್ಕು ಗಂಟೆಗೊಮ್ಮೆ ಹಂಚಿ ಕೊಡಿ. ರಾತ್ರಿಯೂ ಬಿಡುವಂತಿಲ್ಲ.

ಒಂದು ಸಂದರ್ಭದಲ್ಲಿ ತಿನ್ನಿಸಲೇಬಾರದು. ಹೊಟ್ಟೆ ಊದಿಕೊಂಡು ತಮಟೆಯಂತೆ ಬಿಗಿಯಾಗಿದ್ದರೆ, ಮೈ ಮುದುಡಿ ಹಲ್ಲು ಕಡಿಯುತ್ತಿದ್ದರೆ, ಅದು ಗ್ಯಾಸ್ ತುಂಬಿ ಉಬ್ಬಿರುವುದು. ಗಿನಿಪಿಗ್‌ಗೆ ವಾಂತಿ ಮಾಡಲು ಆಗುವುದಿಲ್ಲ, ಒಳಗಿನದ್ದು ಮೇಲಕ್ಕೆ ಬರುವ ದಾರಿಯೇ ಇಲ್ಲ. ಊಟ ಹಾಕಿದಷ್ಟೂ ಕಷ್ಟ. ಎಷ್ಟೇ ದೂರ ಇರಲಿ, ರಾತ್ರಿ ತೆರೆದಿರುವ ಆಸ್ಪತ್ರೆಗೆ ಹೊರಟುಬಿಡಿ.

ವಿಟಮಿನ್ ಸಿ ಬೇಕು. ನಮ್ಮ ಹಾಗೇ ಗಿನಿಪಿಗ್ ದೇಹವೂ ಅದನ್ನು ತಯಾರಿಸುವುದಿಲ್ಲ. ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕಾಗುತ್ತದೆ, ಕಾಯಿಲೆಯಲ್ಲಿ ಇನ್ನೂ ಜಾಸ್ತಿ. ಕಡಿಮೆಯಾದರೆ ಕೀಲು ಊದಿ ನಡೆಯಲು ನೋವಾಗುತ್ತದೆ, ವಸಡಿನಲ್ಲಿ ರಕ್ತ ಬರುತ್ತದೆ. ಆದರೆ ನೀರಿಗೆ ಹಾಕಬೇಡಿ. ನೀರಿನಲ್ಲಿ, ಬೆಳಕಿನಲ್ಲಿ ಅದರ ಶಕ್ತಿ ಬೇಗ ಹೋಗುತ್ತದೆ. ರುಚಿ ಬದಲಾದರೆ ನೀರು ಕುಡಿಯುವುದನ್ನೇ ಬಿಡಬಹುದು. ಸಿರಿಂಜ್‌ನಲ್ಲಿ ನೇರವಾಗಿ ಬಾಯಿಗೆ ಕೊಡಿ. ಬರೀ ವಿಟಮಿನ್ ಸಿ ಇರುವುದೇ ತನ್ನಿ. ಮಲ್ಟಿವಿಟಮಿನ್ ಆದರೆ ಎ, ಡಿ ದೇಹದಲ್ಲಿ ಸೇರಿಕೊಂಡು ತೊಂದರೆ ಕೊಡುತ್ತವೆ. ನಿಮ್ಮವು ದಿನಾ ಕ್ಯಾಪ್ಸಿಕಂ ತಿಂದುಕೊಂಡು ಆರಾಮಾಗಿದ್ದರೆ ಈಗಲೇ ಡ್ರಾಪ್ಸ್ ಶುರು ಮಾಡುವ ಅಗತ್ಯ ಇಲ್ಲ.

ಮುದ್ದುಮರಿ:

ಎರಡು ಮಾತು ಸೇರಿಸಲಾ? ಒಂದು ಕಣ್ಣು. ಒಣಹುಲ್ಲಿನ ಕಡ್ಡಿ ಚುಚ್ಚುವುದು ಮಾಮೂಲಿ. ಒಂದೇ ಕಣ್ಣು ಮುಚ್ಚಿಕೊಂಡು ನೀರು ಸುರಿಯುತ್ತಿದ್ದರೆ, ಅಥವಾ ಕಣ್ಣಿನ ಮೇಲೆ ಬಿಳಿ ಮಬ್ಬು ಕಂಡರೆ, ಸಲೈನ್ ಹನಿಸಿ ತೊಳೆದು ಅವತ್ತೇ ತೋರಿಸಿ. ಮನೆಯಲ್ಲಿ ಉಳಿದ ಹಳೆಯ ಕಣ್ಣಿನ ಡ್ರಾಪ್ಸ್ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಗಾಯ ಇನ್ನೂ ಕೆಡುತ್ತದೆ. ಮುಖ ತೊಳೆದುಕೊಳ್ಳುವಾಗ ಎರಡೂ ಕಣ್ಣಿಂದ ಹಾಲಿನ ಬಣ್ಣದ ದ್ರವ ಬಂದರೆ ಹೆದರಬೇಡಿ, ಅದು ಅವುಗಳ ಸಹಜ ಅಭ್ಯಾಸ.

ಇನ್ನೊಂದು ಸೆಕೆ. ಇವುಗಳಿಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಆಗುವುದಿಲ್ಲ. 27 ಡಿಗ್ರಿ ದಾಟಿದರೆ ಅಪಾಯ ಶುರು. ಮೈ ಚೆಲ್ಲಿ ಮಲಗಿ, ಜೊಲ್ಲು ಸುರಿಸುತ್ತಾ ಜೋರಾಗಿ ಉಸಿರಾಡುತ್ತಿದ್ದರೆ ತಂಪು ಜಾಗಕ್ಕೆ ತಂದು, ಕಿವಿ, ಪಾದಗಳಿಗೆ ತಣ್ಣೀರಿನ ಬಟ್ಟೆ ಒತ್ತಿ. ಐಸ್ ನೀರಲ್ಲಿ ಮುಳುಗಿಸಬೇಡಿ. ಹಾಗೇ ಡಾಕ್ಟರ್ ಹತ್ತಿರ ಹೊರಡಿ.

ಹುಲ್ಲುಗೂಡು:

ಮುದ್ದುಮರಿ ಹೇಳಿದ್ದು ಪೂರ್ತಿ ಸರಿ. ಇದರ ಉಲ್ಟಾ ಕೂಡ ಇದೆ. ಕಿವಿ, ಪಾದ ತಣ್ಣಗಾಗಿ ಮೈ ಸಡಿಲವಾಗಿದ್ದರೆ ಶಾಕ್, ಅಂದರೆ ರಕ್ತ ಸಂಚಾರ ಕುಸಿದ ಸ್ಥಿತಿ, ಆಗಿರಬಹುದು. ಆಗ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ಪಕ್ಕಕ್ಕೆ ಮಾತ್ರ ಇಡಿ. ಸೆಕೆಯಾದರೆ ಸರಿದುಕೊಳ್ಳಲು ಜಾಗ ಬೇಕಲ್ವಾ.

ತುರಿಕೆಗೆ ಮಾತ್ರ ಏನನ್ನೂ ಮೊದಲೇ ತಂದಿಡಬೇಡಿ. ನಾಯಿಯ ಚಿಗಟದ ಔಷಧಿ ಹಾಕಲೇಬೇಡಿ. ಚರ್ಮದೊಳಗೆ ಕೊರೆಯುವ ನುಸಿ ಬಂದರೆ ನೋವಿಗೆ ಫಿಟ್ಸ್ ಬಂದಂತೆ ಒದ್ದಾಡುತ್ತವೆ. ಡಾಕ್ಟರ್ ತೂಕ ನೋಡಿ ಐವರ್ಮೆಕ್ಟಿನ್ ಅಥವಾ ಅಂಥದ್ದು ಕೊಡುತ್ತಾರೆ.

ಜೋಡಿಗಿನಿ:

ಕೊನೆಯದಾಗಿ ಒಂದು. ಒಂದಕ್ಕೆ ಹುಷಾರಿಲ್ಲದೆ ಡಾಕ್ಟರ್ ಹತ್ತಿರ ಹೋಗುವಾಗ ಇನ್ನೊಂದನ್ನು ಮನೆಯಲ್ಲೇ ಬಿಡಬೇಕಾ?

ಹುಲ್ಲುಗೂಡು:

ಜೊತೆಗೇ ಕರೆದುಕೊಂಡು ಹೋಗಿ. ಜೊತೆಗಾತಿ ಪಕ್ಕದಲ್ಲಿದ್ದರೆ ಹೆದರಿಕೆ ಕಡಿಮೆ, ಒಂದು ತಿಂದರೆ ಇನ್ನೊಂದೂ ಬಾಯಿ ಹಾಕುತ್ತದೆ. ಜಗಳದ ಗಾಯವಾಗಿದ್ದರೆ ಮಾತ್ರ ಬೇರೆ ಬೇರೆ ಕ್ಯಾರಿಯರ್. ಒಳಗೆ ಟವಲ್ ಹಾಸಿ, ಒಂದು ಹಿಡಿ ಹುಲ್ಲು ಹಾಕಿ. ಬಾಟಲಿ ದಾರಿಯಲ್ಲಿ ಸೋರುತ್ತದೆ, ಬದಲಿಗೆ ಸೌತೆಕಾಯಿ ತುಂಡು ಇಡಿ. ತೂಕ ಬರೆದ ಪುಸ್ತಕ ಮರೆಯಬೇಡಿ, ಡಾಕ್ಟರ್ ಮೊದಲು ಕೇಳುವುದು ಅದನ್ನೇ. ಹಿಕ್ಕೆ ಚಿಕ್ಕದಾಗಿದ್ದರೆ ಅಥವಾ ಆಕಾರ ಬದಲಾಗಿದ್ದರೆ ನಾಲ್ಕನ್ನು ಒಂದು ಸಣ್ಣ ಕವರ್‌ನಲ್ಲಿ ಹಾಕಿಕೊಂಡು ಹೋಗಿ. ಮೂತ್ರ ಮಾಡುವಾಗ ಕೀರಲು ದನಿಯಲ್ಲಿ ಕೂಗುತ್ತಿದ್ದರೆ ಅದನ್ನು ಫೋನಲ್ಲಿ ವಿಡಿಯೋ ಮಾಡಿಕೊಳ್ಳಿ. ಅಲ್ಲಿ ಟೇಬಲ್ ಮೇಲೆ ಕೂರಿಸಿದಾಗ ಅವು ಹೆದರಿ ಕಲ್ಲಿನಂತೆ ಸುಮ್ನಾಗಿಬಿಡುತ್ತವೆ, ಡಾಕ್ಟರಿಗೆ ಏನೂ ಕಾಣಿಸುವುದಿಲ್ಲ.